ಬೆಟ್ಟದ ದಾರಿಯ ಅಂಜಿಕೆ

ಮದ್ದೂರಿಗೆ ಅಂಟಿಕೊಂಡಂತಿರುವ ಶಿವಪುರದ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1938ನೆಯ ಇಸವಿಯ ಧ್ವಜ ಸತ್ಯಾಗ್ರಹ. ಅದರ ನೆನಪಿಗಾಗಿ ಕಟ್ಟಿದ ಸತ್ಯಾಗ್ರಹ ಸೌಧವೂ ಅಲ್ಲಿದೆ. ಬೆಂಗಳೂರು ಮೈಸೂರುಗಳ ನಡುವೆ ಓಡಾಡುವ ನಾವು ಅದನ್ನು ವಾಹನದ ಕಿಟಕಿಯಿಂದ ಒಮ್ಮೆ ನೋಡಿ ಮುಂದೆ ಹೋಗುತ್ತೇವೆ. ಆದರೆ ಶಿವರಾತ್ರಿಗೆ ಕೆಲವು ದಿನ ಮುಂಚೆ ಆ ಸೀಮೆಗೆ ಹೋದವರಿಗೆ ಬೇರೊಂದು ನೋಟವೂ ಕಾಣುತ್ತದೆ. ತಲೆಯ ಮೇಲೊಂದು ಗಂಟು, ಹೆಗಲಿಗೊಂದು ಚೀಲ, ಹಣೆಯ ತುಂಬ ವಿಭೂತಿ. ಹತ್ತು ಹದಿನೈದು ಮಂದಿಯ ಗುಂಪುಗಳು ರಸ್ತೆಯ ಅಂಚು ಹಿಡಿದು ಮಳವಳ್ಳಿಯ ಕಡೆಗೆ ನಡೆಯುತ್ತಿರುತ್ತವೆ. ‘ಎಲ್ಲಿಗೆ?’ ಎಂದು ಕೇಳಬೇಕಾಗಿಲ್ಲ. ‘ಉಘೇ ಮಾದಪ್ಪ’ ಎಂಬ ಕೂಗೇ ಅದಕ್ಕೆ ಉತ್ತರ ಹೇಳುತ್ತದೆ.

ಅವರು ಹೋಗುವುದು ಮಲೆಯ ಮಹದೇಶ್ವರನ ಬೆಟ್ಟಕ್ಕೆ. ಮಳವಳ್ಳಿ ದಾಟಿ, ಕಾವೇರಿಯನ್ನು ದಾಟಿ, ಕೊಳ್ಳೇಗಾಲ, ಹನೂರು, ಕೌದಳ್ಳಿಗಳ ಮೇಲೆ ಹಾದು ತಾಳಬೆಟ್ಟದ ಬುಡಕ್ಕೆ ಬಂದು, ಅಲ್ಲಿಂದ ಕಾಡಿನೊಳಗೆ ಬೆಟ್ಟ ಹತ್ತಬೇಕು. ಒಟ್ಟು ದಾರಿ ನೂರು ಕಿಲೋಮೀಟರಿಗೆ ಮಿಕ್ಕದ್ದು. ಬಸ್ಸು ದೇವಸ್ಥಾನದ ಸಮೀಪಕ್ಕೇ ಹೋಗಿ ನಿಲ್ಲುವ ಈ ಕಾಲದಲ್ಲಿಯೂ ಸಾವಿರಾರು ಜನ ನಡೆದೇ ಹೋಗುತ್ತಾರೆ. ಏಕೆ ನಡೆಯುತ್ತಾರೆ ಎಂಬುದು ಭಕ್ತಿಯ ಪ್ರಶ್ನೆ. ಅದನ್ನು ಅವರವರಿಗೇ ಬಿಡೋಣ. ನನಗೆ ಬಹುಕಾಲದಿಂದ ಕುತೂಹಲ ಹುಟ್ಟಿಸಿದ್ದು ಬೇರೆಯೇ ಒಂದು ಪ್ರಶ್ನೆ. ಆನೆ, ಹುಲಿ, ಚಿರತೆ, ಕರಡಿಗಳಿರುವ ಆ ಮಲೆಗಳಲ್ಲಿ, ಬಂದೂಕವಿಲ್ಲದ, ಎಷ್ಟೋ ವೇಳೆ ಮೆಟ್ಟೂ ಇಲ್ಲದ ಈ ಬಯಲುಸೀಮೆಯ ಒಕ್ಕಲುಮಕ್ಕಳು ತಮ್ಮ ಅಂಜಿಕೆಯನ್ನು ಏನು ಮಾಡುತ್ತಿದ್ದರು? ಅದನ್ನು ಊರಿನಲ್ಲಿಯೇ ಬಿಟ್ಟು ಬರುತ್ತಿದ್ದರೆ? ಅಥವಾ ಗಂಟಿನೊಡನೆ ಕಟ್ಟಿ ತರುತ್ತಿದ್ದರೆ?

ಮೊದಲು ಆ ದಾರಿಯ ಚರಿತ್ರೆಯನ್ನು ಸ್ವಲ್ಪ ನೋಡೋಣ. ಮಹದೇಶ್ವರನ ನೆಲೆ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಸುತ್ತಲಿನ ಬೆಟ್ಟಗಳನ್ನು ಜನ ಎಪ್ಪತ್ತೇಳು ಮಲೆಯೆಂದು ಎಣಿಸುತ್ತಾರೆ. ಮಹದೇಶ್ವರನನ್ನು ಹದಿನೈದನೆಯ ಶತಮಾನದ ಆಸುಪಾಸಿನ ಶರಣನೆಂದು ಹೇಳುವವರುಂಟು; ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಜನರ ನಾಲಗೆಯ ಮೇಲೆ ಆತನ ಕಥೆ ದೊಡ್ಡದೊಂದು ಕಾವ್ಯವಾಗಿ ಉಳಿದು ಬಂದಿದೆ. ಕಂಸಾಳೆ ಹಿಡಿದ ದೇವರಗುಡ್ಡರು ಅದನ್ನು ರಾತ್ರಿಗಟ್ಟಲೆ ಹಾಡುತ್ತಾರೆ. ಅದರ ಒಂದೊಂದು ಭಾಗಕ್ಕೆ ‘ಸಾಲು’ ಎಂದು ಹೆಸರು. ಡಾ. ಪಿ. ಕೆ. ರಾಜಶೇಖರ ಅವರು ಅದನ್ನು ಹಾಡುಗಾರರ ಬಾಯಿಂದ ಬರೆದುಕೊಂಡು 1973ರಲ್ಲಿ ಪುಸ್ತಕವಾಗಿ ಹೊರತಂದ ಮೇಲೆ, ಓದುಬರಹ ಬಲ್ಲ ನಮ್ಮಂಥವರಿಗೂ ಅದರ ವಿಸ್ತಾರ ತಿಳಿಯಿತು.

ಈ ದಾರಿಯಲ್ಲಿ ಕಾವೇರಿ ಬರಿಯ ನದಿಯಾಗಿರಲಿಲ್ಲ. 1799ರಲ್ಲಿ ಟಿಪ್ಪುವಿನ ಪತನದ ತರುವಾಯ ರಾಜ್ಯವನ್ನು ಹಂಚಿದಾಗ ಕೊಳ್ಳೇಗಾಲದ ಸೀಮೆ ಇಂಗ್ಲಿಷರ ಕುಂಪಣಿಗೆ ಸೇರಿ, ಮುಂದೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. 1956ರ ನವೆಂಬರ್ 1ರ ವರೆಗೂ ಅದು ಹಾಗೆಯೇ ಇತ್ತು. ಎಂದರೆ, ಒಂದೂವರೆ ಶತಮಾನಕ್ಕೂ ಮಿಕ್ಕಿ ಮದ್ದೂರು ಮಳವಳ್ಳಿಗಳ ಯಾತ್ರಿಕ ಹೊಳೆ ದಾಟಿದೊಡನೆ ಮೈಸೂರಿನ ಮಹಾರಾಜರ ಸಂಸ್ಥಾನವನ್ನು ಬಿಟ್ಟು ಬೇರೊಂದು ಸರ್ಕಾರದ ನೆಲದಲ್ಲಿ ಕಾಲಿಡುತ್ತಿದ್ದ. ಪೊಲೀಸರು ಬೇರೆ, ಕಚೇರಿ ಬೇರೆ, ಕಾನೂನು ಬೇರೆ. ಮಾತು ಮಾತ್ರ ಅದೇ, ದೇವರು ಅದೇ. ಹೀಗಾಗಿ ಆತನ ಅಂಜಿಕೆಗಳಲ್ಲಿ ಮೃಗದ ಅಂಜಿಕೆಯೊಂದೇ ಇರಲಿಲ್ಲ. ತನ್ನವರಲ್ಲದವರ ಊರಿನಲ್ಲಿ ಏನಾದರೂ ಆದರೆ ಯಾರನ್ನು ಕೇಳುವುದೆಂಬ ಅಂಜಿಕೆಯೂ ಇದ್ದಿರಬೇಕು.

ಕಾಡಿನ ಅಂಜಿಕೆಯಂತೂ ಸರಿಯೆ. ಆ ಮಲೆಗಳ 900 ಚದರ ಕಿಲೋಮೀಟರಿಗೂ ಮಿಕ್ಕ ಕಾಡನ್ನು 2013ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ಮೃಗಗಳು ಅದಕ್ಕೆ ಮುಂಚಿನಿಂದಲೂ ಇದ್ದವು. ಜಾನಪದ ಕವಿ ಇದನ್ನು ಮರೆಮಾಚಿಲ್ಲ. ಆತನ ಮಾದಪ್ಪ ಏರುವ ವಾಹನವೇ ಹುಲಿ. ಯಾವುದಕ್ಕೆ ಊರೆಲ್ಲ ನಡುಗುತ್ತದೆಯೋ ಅದರ ಬೆನ್ನಿನ ಮೇಲೆ ದೇವರನ್ನು ಕೂರಿಸಿದ್ದಾನೆ. ಹುಲಿಯನ್ನು ಕೊಂದವನನ್ನು ದೇವರೆನ್ನದೆ ಅದರೊಡನೆ ಬಾಳಿದವನನ್ನು ದೇವರೆಂದದ್ದು ಗಮನಿಸತಕ್ಕ ಮಾತು.

ಆ ಕಾವ್ಯದಲ್ಲಿಯೇ ಸಂಕಮ್ಮನ ಸಾಲು ಒಂದಿದೆ. ಸಂಕಮ್ಮ ಸೋಲಿಗರ ಹೆಣ್ಣು. ಗಂಡ ನೀಲೇಗೌಡ ಜೇನಿಗೆಂದು ಕಾಡಿಗೆ ಹೊರಡುವ ಮುನ್ನ ಆಕೆಯ ನಡತೆಯ ಬಗ್ಗೆ ಭಾಷೆ ಕೇಳುತ್ತಾನೆ, ಆಕೆ ಕೊಡುವುದಿಲ್ಲ. ಅನುಮಾನದ ಗಂಡ ಆಕೆಯನ್ನು ಹಿಂಸೆಪಡಿಸಿ, ಕಾಡಿನ ಗುಡಿಸಲಲ್ಲಿ ಒಂಟಿಯಾಗಿ ಬಿಟ್ಟು ಹೋಗುತ್ತಾನೆ. ಆಗ ಆಕೆಯ ಕೂಗಿಗೆ ಓಗೊಟ್ಟು ಬಂದವನು ಮಾದಪ್ಪ. ಅವನ ವರದಿಂದ ಹುಟ್ಟಿದವರೇ ಕಾರಯ್ಯ ಬಿಲ್ಲಯ್ಯರು. ಈ ಸಾಲನ್ನು ಕೇಳುತ್ತ ಕುಳಿತ ಹೆಂಗಸರ ಕಣ್ಣಿನಲ್ಲಿ ನೀರಾಡುವುದನ್ನು ನಾನು ನೋಡಿದ್ದೇನೆ. ಆ ಕಥೆಯಲ್ಲಿ ಸಂಕಮ್ಮನನ್ನು ಹಣ್ಣುಮಾಡುವುದು ಹುಲಿಯಲ್ಲ, ಕರಡಿಯಲ್ಲ, ಒಂಟಿತನ. ಅದನ್ನು ಹಾಡಿಕೊಂಡು ನಡೆಯುವ ಜನಕ್ಕೆ, ಅಂಜಿಕೆಯ ಬೇರು ಎಲ್ಲಿದೆಯೆಂಬುದನ್ನು ಯಾರೂ ಪಾಠ ಹೇಳಬೇಕಾಗಿಲ್ಲ.

ಇನ್ನು ಅವರು ನಡೆಯುವ ಕ್ರಮ. ಒಬ್ಬನೇ ಹೊರಡುವುದಿಲ್ಲ. ಹಲವು ಸಲ ಹೋಗಿ ಬಂದ ಒಬ್ಬ ಮುಂದೆ. ಅಂಥವನೇ ಇನ್ನೊಬ್ಬ ಹಿಂದೆ. ಮಕ್ಕಳು, ಮುದುಕರು, ಹೊಸಬರು ನಡುವೆ. ಹಿಂದಿನವನ ಕೆಲಸ ಯಾರೂ ಉಳಿದುಹೋಗದಂತೆ ನೋಡುವುದು. ಗುಂಪಿನ ನಡಿಗೆಯ ವೇಗವನ್ನು ಗೊತ್ತುಮಾಡುವವರು ಗಟ್ಟಿಗರಲ್ಲ, ನಿಧಾನಿಗಳು. ಕಾಡು ಹೊಕ್ಕ ಮೇಲೆ ಬಾಯಿ ಮುಚ್ಚುವಂತಿಲ್ಲ. ಹಾಡು, ಕಂಸಾಳೆ, ಗಂಟೆ, ಇಲ್ಲವೆ ಉಘೇ ಎಂಬ ಕೂಗು. ಪಟ್ಟಣಿಗರಾದ ನಾವು ಇದನ್ನೆಲ್ಲ ಭಕ್ತಿಯ ಭರವೆಂದು ತಿಳಿಯುತ್ತೇವೆ. ಭಕ್ತಿಯೂ ಹೌದು, ಜೊತೆಗೆ ಕಾಡಿನ ತಿಳಿವಳಿಕೆಯೂ ಹೌದು. ಕಾಡಿನವರು ಹುಲಿಗಿಂತ ಕರಡಿಗೆ ಹೆಚ್ಚು ಹೆದರುತ್ತಾರೆ. ತಿರುವಿನಲ್ಲಿ ತಟಕ್ಕನೆ ಎದುರಾದರೆ ಕರಡಿ ಓಡುವುದಕ್ಕೆ ಮುಂಚೆ ಮೈಮೇಲೆ ಬೀಳುತ್ತದೆ. ಆನೆಯೂ ಅಷ್ಟೆ, ದೂರದಿಂದಲೇ ಸದ್ದು ಕೇಳಿದರೆ ಸಾಮಾನ್ಯವಾಗಿ ದಾರಿ ಬಿಡುತ್ತದೆ. ‘ನಾವು ಬರುತ್ತಿದ್ದೇವೆ’ ಎಂದು ಮುಂಗಡವಾಗಿ ತಿಳಿಸುವುದರಿಂದ ಮನುಷ್ಯನ ಅಂಜಿಕೆಯೂ ಮೃಗದ ಅಂಜಿಕೆಯೂ ಒಟ್ಟಿಗೆ ಕಡಮೆಯಾಗುತ್ತವೆ. ಮೃಗಕ್ಕೂ ಅಂಜಿಕೆಯುಂಟೆಂಬುದನ್ನು ಒಪ್ಪಿಕೊಂಡ ಮೇಲೆ ಹುಟ್ಟಿದ ಉಪಾಯ ಇದು.

ಇಷ್ಟನ್ನು ಪುಸ್ತಕ ಓದಿ ಬರೆದುಬಿಡಬಹುದಾಗಿತ್ತು. ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ. ಕೆಲವು ವರ್ಷಗಳ ಹಿಂದೆ ಒಂದು ಶಿವರಾತ್ರಿಗೆ ಶಿವಪುರದ ಕಡೆಯ ಒಂದು ಗುಂಪಿನೊಡನೆ ನಾನೂ ಹೊರಟೆ. ಚಿಕ್ಕಂದಿನಿಂದ ನನಗೆ ಕತ್ತಲೆಂದರೆ ಹೆದರಿಕೆ. ಕಚೇರಿಯ ಕೆಲಸ ಮಾಡಿಕೊಂಡು, ಮಾಳಿಗೆಯ ದೀಪ ಆರಿಸಿ ಮೆಟ್ಟಿಲಿಳಿಯುವಾಗಲೂ ಹಿಂದಿರುಗಿ ನೋಡುವವನು ನಾನು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವ ವಯಸ್ಸೂ ಅಲ್ಲ. ಹೊಳೆಯನ್ನು ದಾಟುವ ತನಕ ಊರಿನ ನಡುವೆಯೇ ದಾರಿ. ಅಲ್ಲಲ್ಲಿ ಮಜ್ಜಿಗೆ ಪಾನಕ ಕೊಡುವ ಅರವಟ್ಟಿಗೆಗಳು. ಹನೂರು ಬಿಟ್ಟ ಮೇಲೆ ಬೆಟ್ಟಗಳ ಸಾಲು ಎದ್ದು ನಿಂತಿತು. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ತಾಳಬೆಟ್ಟದಲ್ಲಿ ಕಾಯಿ ಒಡೆದು, ಧೂಪ ಹಾಕಿ, ಬೆಳಕು ಹರಿಯುವುದನ್ನು ಕಾದು ಹತ್ತತೊಡಗಿದೆವು. ಅರ್ಧ ದಾರಿಯಲ್ಲಿ ನನ್ನ ಮೀನಖಂಡ ಹಿಡಿದುಕೊಂಡಿತು. ಒಂದು ನಿಮಿಷ ಕುಳಿತು ಬರುತ್ತೇನೆಂದು ಯಾರಿಗೂ ಹೇಳದೆ ಒಂದು ಬಂಡೆಯ ಮರೆಗೆ ಕುಳಿತೆ. ಗುಂಪು ತಿರುವಿನಾಚೆ ಹೋಯಿತು. ಹಾಡು ಸಣ್ಣದಾಗುತ್ತ ನಿಂತಿತು. ಆಮೇಲೆ ಆ ಬಿದಿರುಮೆಳೆಯ ಕಿರ್ರೆಂಬ ಸದ್ದು, ಒಣಗಿದೆಲೆಯ ಮೇಲೆ ಏನೋ ಸರಿದ ಸದ್ದು. ಹಗಲೇ ಆಗಿತ್ತು, ಆದರೂ ನನ್ನ ಕೈಗಳು ತಣ್ಣಗಾದವು. ಏಳಬೇಕೆಂದರೆ ಕಾಲು ಕೇಳಲಿಲ್ಲ. ಕೂಗಬೇಕೆಂದರೆ ನಾಚಿಕೆ. ಸತ್ಯವನ್ನು ಹೇಳುವುದಾದರೆ, ಆ ಗಳಿಗೆಯಲ್ಲಿ ನನಗೆ ಹುಲಿಗಿಂತ ಹೆಚ್ಚಾಗಿ ನನ್ನ ಅಂಜಿಕೆ ಬಯಲಾಗುವುದರ ಅಂಜಿಕೆಯೇ ದೊಡ್ಡದಾಗಿತ್ತು.

ಹಿಂದಿನಿಂದ ಕೋಲೂರುವ ಸದ್ದು ಕೇಳಿಸಿತು. ನಮ್ಮ ಗುಂಪಿನ ಕೊನೆಯಲ್ಲಿ ಬರುತ್ತಿದ್ದ ಮುದುಕಿ. ನನ್ನ ಮುಖವನ್ನು ನೋಡಿದೊಡನೆ ಆಕೆಗೆ ಎಲ್ಲವೂ ತಿಳಿದಿರಬೇಕು.

‘ಯಾಕಪ್ಪ ಕುಂತ್ಕಂಡೆ? ಬಯ ಆಯ್ತದಾ?’

‘ಇಲ್ಲ ಅವ್ವ, ಕಾಲು ಹಿಡಿದುಕೊಂಡಿತು,’ ಎಂದೆ.

‘ಕಾಲು ಹಿಡ್ಕಂಡ್ರೆ ಮೊಕ ಯಾಕ್ ಬೆವರ್ತದೆ?’ ಎಂದು ನಕ್ಕು ಆಕೆಯೂ ಪಕ್ಕದಲ್ಲಿ ಕುಳಿತಳು. ಸೆರಗಿನ ಗಂಟು ಬಿಚ್ಚಿ ಒಂದು ಚೂರು ಬೆಲ್ಲ ಕೊಟ್ಟಳು. ‘ಬಯ ಇಲ್ದೋರು ಯಾರವ್ರೆ ಮಗ? ನಂಗೂ ಅದೆ. ಬಯ ಅದೆ ಅಂತ್ಲೇ ಜೊತೇಲಿ ಬರೋದು. ಇಲ್ದಿದ್ರೆ ಒಬ್ಬೊಬ್ರೆ ಬತ್ತಿರ್ಲಿಲ್ವಾ?’ ಎಂದಳು. ಆಮೇಲೆ ಮುಂದಿನವರಿಗೆ ಕೇಳುವಂತೆ ಉಘೇ ಎಂದು ಕೂಗಿದಳು. ತಿರುವಿನಾಚೆಯಿಂದ ಹತ್ತು ಕಂಠಗಳು ಓಗೊಟ್ಟವು. ಅವರು ಅಲ್ಲಿಯೇ ನಿಂತು ನಮಗಾಗಿ ಕಾಯುತ್ತಿದ್ದರು.

ಅಂಜಿಕೆಯನ್ನು ಗೆಲ್ಲುವುದೆಂದರೆ ಅದನ್ನು ಕೊಲ್ಲುವುದೆಂದು ನಾನು ತಿಳಿದಿದ್ದೆ. ಓದಿದ ಕಥೆಗಳೆಲ್ಲ ಹಾಗೆಯೇ ಹೇಳಿದ್ದವು: ವೀರನು ಒಂಟಿಯಾಗಿ ಹೊರಡುತ್ತಾನೆ, ಎದೆಯನ್ನು ಕಲ್ಲು ಮಾಡಿಕೊಳ್ಳುತ್ತಾನೆ, ಶಿಖರವನ್ನು ಮುಟ್ಟುತ್ತಾನೆ. ಈ ಮುದುಕಿಯ ಲೆಕ್ಕವೇ ಬೇರೆ. ಅಂಜಿಕೆಯನ್ನು ಒಪ್ಪಿಕೊಂಡು ನಾಲ್ಕು ಜನರಿಗೆ ಹಂಚಿದರೆ ಒಬ್ಬೊಬ್ಬನಿಗೆ ಹೊರುವಷ್ಟೇ ಉಳಿಯುತ್ತದೆ.

ಊರಿಗೆ ಹಿಂದಿರುಗಿದ ಮೇಲೆ ಇತರ ದೇಶಗಳ ಬೆಟ್ಟ ಹತ್ತಿದವರ ಚರಿತ್ರೆಯನ್ನು ಮತ್ತೆ ತೆಗೆದು ನೋಡಿದೆ. ಇಟಲಿಯ ಕವಿ ಪೆಟ್ರಾರ್ಕ 1336ರಲ್ಲಿ ಫ್ರಾನ್ಸಿನ ದಕ್ಷಿಣದ ವೆಂಟೂ ಪರ್ವತವನ್ನು ಹತ್ತಿದ. ಅದರ ಬಗ್ಗೆ ಬರೆದ ಪತ್ರದಲ್ಲಿ ಅವನು ಮೊದಲು ಚರ್ಚಿಸುವುದು ದಾರಿಯನ್ನಲ್ಲ, ಜೊತೆಗಾರನನ್ನು. ಸ್ನೇಹಿತರನ್ನೆಲ್ಲ ಮನಸ್ಸಿನಲ್ಲಿ ತೂಗಿ ನೋಡಿ, ಒಬ್ಬ ತೀರ ನಿಧಾನಿ, ಇನ್ನೊಬ್ಬ ತೀರ ಅವಸರದವನೆಂದು ಬಿಟ್ಟು, ಕಡೆಗೆ ತನ್ನ ತಮ್ಮನನ್ನು ಕರೆದುಕೊಂಡು ಹೋದ. 1934ರಲ್ಲಿ ಮಾರಿಸ್ ವಿಲ್ಸನ್ ಎಂಬ ಇಂಗ್ಲಿಷಿನವನು ಶ್ರದ್ಧೆಯೊಂದಿದ್ದರೆ ಸಾಕೆಂದು ಎವರೆಸ್ಟಿಗೆ ಹೊರಟು, ಜೊತೆಯವರು ಮುಂದೆ ಬರಲಾರೆವೆಂದಾಗ ಒಂಟಿಯಾಗಿ ನಡೆದು ಹಿಮದಲ್ಲಿ ಸತ್ತ. 1953ರ ಮೇ 29ರಂದು ಅದೇ ಶಿಖರವನ್ನು ಮೆಟ್ಟಿದವರು ಒಂದೇ ಹಗ್ಗಕ್ಕೆ ಕಟ್ಟಿಕೊಂಡ ಇಬ್ಬರು. ಆ ಯಾತ್ರೆಯಲ್ಲಿಯೇ ಮುಂಚೆ ಒಮ್ಮೆ ಹಿಲರಿ ಹಿಮದ ಬಿರುಕಿನೊಳಗೆ ಜಾರಿದಾಗ ಹಗ್ಗವನ್ನು ಬಿಗಿಹಿಡಿದು ಉಳಿಸಿದವನು ತೇನ್‌ಸಿಂಗ್. ಶೂರರ ನಡುವೆಯೂ ಹಗ್ಗವೊಂದಿತ್ತು. ನಮ್ಮವರ ಹಗ್ಗ ಕಣ್ಣಿಗೆ ಕಾಣುವುದಿಲ್ಲ; ಹಿಂದಿನವರು ಕೂಗಿದಾಗ ಮುಂದಿನವರು ಓಗೊಡುವುದೇ ಆ ಹಗ್ಗ.

ಹಾಗೆಂದು ಜೊತೆಯೊಂದಿದ್ದರೆ ಎಲ್ಲವೂ ಆಯಿತೆಂದು ಬರೆದುಬಿಟ್ಟರೆ ಚರಿತ್ರೆಗೆ ಅಪಚಾರವಾದೀತು. ಮೃಗಗಳಿಗಿಂತ ಹೆಚ್ಚಾಗಿ ಮನುಷ್ಯನಿಗೇ ಹೆದರಬೇಕಾದ ಕಾಲವೂ ಆ ಮಲೆಗಳಿಗೆ ಬಂದಿತ್ತು. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು. ಅದಕ್ಕೆ ಮುಂಚಿನ ಹಲವು ವರ್ಷ ಆ ಕಾಡಿನಲ್ಲಿ ಕಾಲಿಡುವುದೇ ಕಷ್ಟವಾಗಿತ್ತು. 1993ರ ಏಪ್ರಿಲ್ 9ರಂದು ಬೆಟ್ಟಕ್ಕೆ ಸಮೀಪದ ಪಾಲಾರಿನಲ್ಲಿ ನೆಲಬಾಂಬು ಸಿಡಿದು 22 ಮಂದಿ ಪ್ರಾಣ ಕಳೆದುಕೊಂಡರು. ಆ ವರ್ಷಗಳಲ್ಲಿಯೂ ಜಾತ್ರೆ ನಿಲ್ಲಲಿಲ್ಲ, ನಡೆಯುವವರೂ ನಿಲ್ಲಲಿಲ್ಲ. ಆದರೆ ಅರಣ್ಯಾಧಿಕಾರಿ ಪಿ. ಶ್ರೀನಿವಾಸರನ್ನು ಇಲ್ಲಿ ನೆನೆಯದಿರಲಾಗದು. ವೀರಪ್ಪನ್ನನ ಊರಾದ ಗೋಪಿನಾಥದಲ್ಲಿ ಜನರ ನಡುವೆ ಇದ್ದು, ಅವರಿಗೆ ಬೇಕಾದ ಕೆಲಸ ಮಾಡಿಸಿ, ಮಾರಿಯಮ್ಮನ ಗುಡಿಯನ್ನೂ ಕಟ್ಟಿಸಿಕೊಟ್ಟವರು ಅವರು. ಶರಣಾಗುವೆನೆಂದು ಬಂದ ಮಾತನ್ನು ನಂಬಿ, ಆಯುಧವಿಲ್ಲದೆ ಕಾಡಿನ ದಾರಿಯಲ್ಲಿ ನಡೆದು ಹೋದರು. 1991ರ ನವೆಂಬರ್ 10ರಂದು ಅವರ ಕೊಲೆಯಾಯಿತು. ಮರಣದ ತರುವಾಯ ಅವರಿಗೆ ಕೀರ್ತಿಚಕ್ರ ಸಂದಿತು. ಜೊತೆಯೆಂದು ನಂಬಿದ್ದು ಜೊತೆಯಾಗಿರಲಿಲ್ಲ. ಅಂಜದೆ ನಡೆದವನಿಗೆ ದಾರಿ ಎಂದೂ ಮೋಸ ಮಾಡುವುದಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಹಾಗಿದ್ದರೂ ಗೋಪಿನಾಥದ ಜನ ಅವರ ನೆನಪನ್ನು ಗುಡಿಯಲ್ಲಿ ಇಟ್ಟುಕೊಂಡಿದ್ದಾರೆ. ನಂಬಿಕೆಯನ್ನು ಕೊಂದವನಿಗಿಂತ ನಂಬಿದವನೇ ಊರಿನ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿದಂತಾಯಿತು.

ಈಗ ಮತ್ತೆ ಶಿವಪುರಕ್ಕೆ ಬರೋಣ. 1938ರ ಏಪ್ರಿಲ್ 11ರಂದು ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ರಾಷ್ಟ್ರಧ್ವಜವನ್ನು ಏರಿಸಕೂಡದೆಂದು ಸರ್ಕಾರದ ಆಜ್ಞೆ. ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ಆಜ್ಞೆಯನ್ನು ಮೀರಿ ಧ್ವಜವನ್ನು ಏರಿಸಿ ಬಂಧನಕ್ಕೊಳಗಾದರು. ಸುತ್ತಲ ಹಳ್ಳಿಗಳಿಂದ ಸಾವಿರಾರು ರೈತರು ಬಂದು ಸೇರಿದ್ದರು. ಪೊಲೀಸರ ಲಾಠಿ, ಜೈಲು, ಜಮೀನು ಹೋದೀತೆಂಬ ಚಿಂತೆ, ಇವು ಯಾವುವೂ ಆ ಜನಕ್ಕೆ ತಿಳಿಯದಿರಲಿಲ್ಲ. ಆ ಅಂಜಿಕೆ ಬರಿಯ ಭ್ರಮೆಯಾಗಿರಲಿಲ್ಲವೆಂಬುದಕ್ಕೆ ಎರಡೇ ವಾರಗಳಲ್ಲಿ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರು ಸಾಕ್ಷಿ. ಆದರೂ ಅವರು ಕದಲಲಿಲ್ಲ. ಒಬ್ಬೊಬ್ಬರಾಗಿ ಅವರನ್ನು ನಿಲ್ಲಿಸಿ ಕೇಳಿದ್ದರೆ ಬಹುಶಃ ಎಲ್ಲರೂ ಅಂಜಿಕೆಯುಂಟೆಂದೇ ಹೇಳುತ್ತಿದ್ದರು. ಅವರಲ್ಲಿ ಎಷ್ಟು ಮಂದಿ ಅದೇ ವರ್ಷದ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಬಂದವರೋ ಲೆಕ್ಕವಿಟ್ಟವರಿಲ್ಲ. ಆದರೆ ಕೂಗಿದರೆ ಮುಂದಿನವರು ಓಗೊಡುತ್ತಾರೆ, ಬಿದ್ದರೆ ಹಿಂದಿನವರು ಎತ್ತುತ್ತಾರೆ ಎಂಬ ನಂಬಿಕೆ ಆ ಸೀಮೆಯ ಜನಕ್ಕೆ ಸಭೆ ಭಾಷಣಗಳಿಂದ ಮೊದಲ ಸಲ ಬಂದದ್ದಲ್ಲ. ತಲೆಮಾರುಗಳ ಕಾಲ ಅವರ ಪಾದಗಳೇ ಅದನ್ನು ಕಲಿತಿದ್ದವು ಎಂದು ನಾನು ತಿಳಿಯುತ್ತೇನೆ.

ಕೊನೆಯದಾಗಿ ಒಂದು ಮಾತು, ಸುಖದ ಮಾತಲ್ಲ. 2025ರ ಜೂನ್ ತಿಂಗಳಲ್ಲಿ ಅದೇ ಮಲೆಗಳ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು, ಒಟ್ಟು ಐದು, ಒಟ್ಟಿಗೆ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ದೇಹಕ್ಕೆ ವಿಷ ಬೆರೆಸಲಾಗಿತ್ತೆಂದು ತನಿಖೆಯವರು ಹೇಳಿದರು. ಹಸುವನ್ನು ಕಳೆದುಕೊಂಡವನ ಸಂಕಟ ಸಣ್ಣದಲ್ಲ. ನಗರದಲ್ಲಿ ಕುಳಿತು ಅವನಿಗೆ ಬುದ್ಧಿ ಹೇಳುವುದು ಸುಲಭ. ಆದರೂ ಮಾದಪ್ಪನ ವಾಹನ ಮಾದಪ್ಪನ ಕಾಡಿನಲ್ಲಿಯೇ ವಿಷವುಂಡು ಸತ್ತಿತೆಂಬ ಸುದ್ದಿಯನ್ನು ಓದಿದ ದಿನ ನನಗೆ ಆ ಮುದುಕಿ ನೆನಪಾದಳು. ನಷ್ಟವನ್ನೂ ಭಯವನ್ನೂ ಒಬ್ಬನೇ ಹೊರಬೇಕಾಗಿ ಬಂದಾಗ, ಓಗೊಡುವವರು ಯಾರೂ ಇಲ್ಲವೆನಿಸಿದಾಗ, ಅಂಜಿಕೆ ವಿಷವಾಗುತ್ತದೆ. ಕಾಡಿನ ಅಂಚಿನಲ್ಲಿ ಬಾಳುವವನ ಜೊತೆಗೆ ನಾವು ಯಾರೂ ನಡೆಯುತ್ತಿಲ್ಲವೆಂಬುದನ್ನು ಆ ಐದು ಹುಲಿಗಳು ಹೇಳಿದವು.

ನನಗೆ ಇಂದಿಗೂ ಕತ್ತಲೆಂದರೆ ಹೆದರಿಕೆ ಹೋಗಿಲ್ಲ. ಮಾಳಿಗೆಯ ದೀಪ ಆರಿಸಿ ಇಳಿಯುವಾಗ ಈಗಲೂ ಹಿಂದಿರುಗಿ ನೋಡುತ್ತೇನೆ. ಒಂದೇ ವ್ಯತ್ಯಾಸ: ಈಗ ಮನೆಯವರಿಗೆ ಅದನ್ನು ಹೇಳಿದ್ದೇನೆ. ನಾನು ಇಳಿಯುವ ಹೊತ್ತಿಗೆ ಕೆಳಗಿನಿಂದ ಯಾರಾದರೂ ಒಬ್ಬರು, ‘ಬಂದಿರಾ?’ ಎಂದು ಕೂಗುತ್ತಾರೆ. ‘ಬಂದೆ’ ಎಂದು ನಾನು ಓಗೊಡುತ್ತೇನೆ.